ಐದು ಷರತ್ತಲ್ಲಿ ಎಷ್ಟು ಸರಿ ಇವೆ ಅಂತ ಪೈಥಾನಲ್ಲಿ ಎಣಿಸುವುದು ಹೇಗೆ? (ತೋಟದ ಸ್ಪ್ರಿಂಕ್ಲರ್ ಲೆಕ್ಕ)

ಅಮ್ಮತ್ತಿ_ಹುಡುಗ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಚಿಕ್ಕದು, ಹಿನ್ನೆಲೆ ಸ್ವಲ್ಪ ಉದ್ದ, ಬೈಬೇಡಿ.

ನಮ್ಮದು ಕೊಡಗಿನ ಅಮ್ಮತ್ತಿ ಕಡೆ ರೊಬಸ್ಟಾ ಕಾಫಿ ತೋಟ. ಫೆಬ್ರವರಿ ಬಂತು ಅಂದರೆ ಮನೆಯಲ್ಲಿ ಒಂದೇ ಮಾತು. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬರುತ್ತಾ, ಇಲ್ಲ ಸ್ಪ್ರಿಂಕ್ಲರ್ ಹಾಕಬೇಕಾ? ಅಪ್ಪ ಇಷ್ಟು ವರ್ಷ ಇದನ್ನು ಒಂದು ನೋಟ್‌ಬುಕ್ ನೋಡಿ, ಆಮೇಲೆ ಹೊರಗೆ ಬಂದು ಆಕಾಶ ನೋಡಿ ತೀರ್ಮಾನ ಮಾಡುತ್ತಿದ್ದರು. ಈ ಸಲ ನಾನು ಮನೆಯಲ್ಲೇ ಇದ್ದೇನೆ, ಪೈಥಾನ್ ಕಲಿಯುತ್ತಿದ್ದೇನೆ, ಹಾಗಾಗಿ ಒಂದು ಚಿಕ್ಕ ಪ್ರೋಗ್ರಾಂ ಮಾಡಿಕೊಡುತ್ತೇನೆ ಅಂತ ಹೇಳಿಬಿಟ್ಟೆ. ಅಪ್ಪ ಹೇಳಿದ ನಿಯಮ ಇದು: "ಐದು ನೋಡು. ಐದರಲ್ಲಿ ಮೂರಾದರೂ ಸರಿ ಇದ್ದರೆ ಪಂಪ್ ಹಾಕು."

ಐದು ಯಾವುವು ಅಂದರೆ, ಕಳೆದ ಹದಿನೈದು ದಿನದ ಮಳೆ 25 ಸೆಂಟಿಗಿಂತ (ಅಂದರೆ ಕಾಲು ಇಂಚಿಗಿಂತ) ಕಡಿಮೆ ಇರಬೇಕು, ಮುಂದಿನ ಮೂರು ದಿನ ಮಳೆ ಮುನ್ಸೂಚನೆ ಇರಬಾರದು (ಕೋಡಲ್ಲಿ ಇದು ಮೋಡ_ಇಲ್ಲ), ಕೆರೆಯಲ್ಲಿ ನೀರು 6 ಅಡಿಗಿಂತ ಜಾಸ್ತಿ ಇರಬೇಕು, ಮೊಗ್ಗು ಬಲಿತಿರಬೇಕು (ಇದು ಅಪ್ಪ ನೋಡಿ ಹೇಳುವುದು), ಡೀಸೆಲ್ 40 ಲೀಟರ್ ಮೇಲೆ ಇರಬೇಕು.

ಮೊದಲು ನಾನು ಬರೆದದ್ದು ಹೀಗೆ:

ಇಫ್ (ಮಳೆ_ಕಡಿಮೆ ಆ್ಯಂಡ್ ಕೆರೆ_ಸರಿ ಆ್ಯಂಡ್ ಮೊಗ್ಗು_ಸರಿ) ಆರ್ (ಮಳೆ_ಕಡಿಮೆ ಆ್ಯಂಡ್ ಕೆರೆ_ಸರಿ ಆ್ಯಂಡ್ ಮೋಡ_ಇಲ್ಲ) ಆರ್ ...

ಹೀಗೇ ಒಂಬತ್ತು ಸಲ. ಮೊನ್ನೆ ಮಳೆ, ಕೆರೆ, ಡೀಸೆಲ್ ಮೂರೂ ಸರಿ ಇದ್ದು ಉಳಿದೆರಡು ಇಲ್ಲದಿದ್ದಾಗ ಪ್ರೋಗ್ರಾಂ "ಬೇಡ" ಅಂದಿತು. ಕೂತು ಎಣಿಸಿದರೆ ಐದರಲ್ಲಿ ಮೂರನ್ನು ಆರಿಸಲು ಹತ್ತು ದಾರಿ ಇವೆ, ನಾನು ಒಂದನ್ನು ಬಿಟ್ಟಿದ್ದೆ.

ಸರಿ, ಇದು ಆಗುವ ಮಾತಲ್ಲ ಅಂತ ಎಲ್ಲವನ್ನೂ ಕೂಡಿಸಿ ನೋಡಿದೆ:

ಎಣಿಕೆ = ಮಳೆ < 25 + ಕೆರೆ > 6 + ಡೀಸೆಲ್ > 40
ಪ್ರಿಂಟ್(ಎಣಿಕೆ)

ಅಂಕಿ ಬರಬೇಕಿತ್ತು. ಬಂದದ್ದು "ಫಾಲ್ಸ್" ಅಂತ. ಮಳೆ 10, ಕೆರೆ 8, ಡೀಸೆಲ್ 60 ಇತ್ತು, ಮೂರೂ ಸರಿಯೇ ಅಲ್ವಾ? ಮೂರು ಬರುವ ಕಡೆ ಫಾಲ್ಸ್ ಯಾಕೆ ಬರುತ್ತದೆ? ಮತ್ತೆ ಇದನ್ನು ಬರೆಯುವ ಸರಿಯಾದ ರೀತಿ ಯಾವುದು?

ಕೋಡನ್ನೂ ಕನ್ನಡ ಲಿಪಿಯಲ್ಲೇ ಹಾಕಿದ್ದೇನೆ. ಓಡಿಸಿ ನೋಡುವವರು ಇಫ್, ಆ್ಯಂಡ್, ಪ್ರಿಂಟ್ ತರದ ಪೈಥಾನ್ ಪದಗಳನ್ನು ಮಾತ್ರ ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿಕೊಳ್ಳಿ. ಹೆಸರುಗಳು ಕನ್ನಡದಲ್ಲೇ ಇರಲಿ, ಪೈಥಾನ್ 3 ತಕರಾರು ಮಾಡುವುದಿಲ್ಲ.

---

ಕಣದ_ಕಾವಲು

ಫಾಲ್ಸ್ ಬಂದದ್ದಕ್ಕೆ ಕಾರಣ ಮೊದಲು ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಎಲ್ಲರೂ ಒಂದು ಸಲ ಬಿದ್ದೇ ಬೀಳುತ್ತಾರೆ.

ಪೈಥಾನಲ್ಲಿ ಕೂಡುವ ಗುರುತು ಮೊದಲು, ಹೋಲಿಸುವ ಗುರುತು ಆಮೇಲೆ. ನೀನು ಬರೆದದ್ದನ್ನು ಅದು ಹೀಗೆ ಓದಿಕೊಂಡಿತು:

ಮಳೆ < (25 + ಕೆರೆ) > (6 + ಡೀಸೆಲ್) > 40

ಜೊತೆಗೆ ಪೈಥಾನಲ್ಲಿ ಹೋಲಿಕೆಗಳನ್ನು ಸರಪಳಿ ಹಾಕಬಹುದು. 5 < ಕ < 10 ಅಂತ ನಾವು ಲೆಕ್ಕದ ಪುಸ್ತಕದಲ್ಲಿ ಬರೆದಂತೆಯೇ ಬರೆದರೂ ನಡೆಯುತ್ತದೆ, ಅದೇ ಅನುಕೂಲ ಇಲ್ಲಿ ಕೈ ಕೊಟ್ಟಿತು. ನಿನ್ನ ಅಂಕಿ ಹಾಕಿ ನೋಡು. 10 < 33, ಸರಿ. 33 > 66, ತಪ್ಪು. ಅಲ್ಲಿಗೇ ಫಾಲ್ಸ್. ಕೆರೆಯ ಅಡಿಗೆ ಡೀಸೆಲ್ ಲೀಟರ್ ಕೂಡಿಸಿ ಮಳೆ ಸೆಂಟಿನ ಜೊತೆ ತೂಗಿದೆ ನೀನು, ಒಂದು ದೋಷವೂ ತೋರಿಸದೆ ಅದು ಉತ್ತರ ಕೊಟ್ಟಿತು. ಕೆಂಪು ಅಕ್ಷರದಲ್ಲಿ ದೋಷ ಬಂದಿದ್ದರೆ ವಾಸಿ ಇತ್ತು.

ಆವರಣ ಹಾಕಿದರೆ ನಿನ್ನ ದಾರಿಯೇ ಸರಿ:

ಎಣಿಕೆ = (ಮಳೆ < 25) + (ಕೆರೆ > 6) + (ಡೀಸೆಲ್ > 40)

ಈಗ 3 ಬರುತ್ತದೆ. ಆದರೆ ಎಲ್ಲರೂ ಬರೆಯುವುದು ಹೀಗೆ:

ಷರತ್ತುಗಳು = [ಮಳೆ < 25, ಕೆರೆ > 6, ಡೀಸೆಲ್ > 40, ಮೊಗ್ಗು_ಸರಿ, ಮೋಡ_ಇಲ್ಲ]
ಇಫ್ ಸಮ್(ಷರತ್ತುಗಳು) >= 3:
    ಪ್ರಿಂಟ್("ಪಂಪ್ ಹಾಕು")

ಸಮ್ ಅಂದರೆ ಪಟ್ಟಿಯಲ್ಲಿರುವುದನ್ನೆಲ್ಲ ಕೂಡಿಸುವುದು. ಪಟ್ಟಿಯಲ್ಲಿ ಅಲ್ಪವಿರಾಮ ಇರುವುದರಿಂದ ಆವರಣದ ಗಲಾಟೆ ಇಲ್ಲ. ನಾಳೆ ಆರನೇ ಷರತ್ತು ಬಂದರೆ ಇನ್ನೊಂದು ಸೇರಿಸಿದರೆ ಆಯಿತು. ಹತ್ತು ಜೋಡಣೆ ಇಪ್ಪತ್ತಾಗುತ್ತದೆ ಅನ್ನುವ ಭಯವೂ ಇಲ್ಲ.

ಟ್ರೂ, ಫಾಲ್ಸ್ ಅನ್ನು ಕೂಡಿಸಲು ಹೇಗೆ ಬರುತ್ತದೆ ಅಂದರೆ, ಪೈಥಾನಲ್ಲಿ ಬೂಲ್ (ಹೌದು-ಇಲ್ಲ ಹೇಳುವ ಜಾತಿ) ಅನ್ನುವುದು ಪೂರ್ಣಾಂಕದ ಜಾತಿಯಾದ ಇಂಟ್‌ನ ಮಗ. ಟ್ರೂ ಅಂದರೆ 1, ಫಾಲ್ಸ್ ಅಂದರೆ 0. ಮೊದಲು ಪೈಥಾನಲ್ಲಿ ಬೂಲ್ ಅನ್ನುವ ಜಾತಿಯೇ ಇರಲಿಲ್ಲ, ಜನ 1 ಮತ್ತು 0 ಇಟ್ಟುಕೊಂಡೇ ಕೆಲಸ ನಡೆಸುತ್ತಿದ್ದರು. 2002ರಲ್ಲಿ ಪೈಥಾನ್ ಹುಟ್ಟಿಸಿದ ಗೈಡೋ ವಾನ್ ರೋಸಮ್ ಪೆಪ್ 285 (ಪೈಥಾನ್ ಬದಲಾವಣೆಯ ಪ್ರಸ್ತಾವನೆ) ಬರೆದು ಬೂಲ್ ತರುವಾಗ ಹಳೆಯ ಕೋಡ್ ಕೆಡಬಾರದು ಅಂತ ಅದನ್ನು ಇಂಟ್‌ನ ಒಳಗೇ ಇಟ್ಟರು. 2.3ನೇ ಆವೃತ್ತಿಯಿಂದ ಅದು ಹಾಗೇ ಇದೆ. ಹಾಗಾಗಿ ಸಮ್ ಹಾಕುವುದು ಕಳ್ಳದಾರಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ.

ಇನ್ನೊಂದು, ಸಮ್ ಅನ್ನುವ ಹೆಸರಲ್ಲೇ ಮೇಲೆ ಎಲ್ಲಾದರೂ ಸಮ್ = 0 ಅಂತ ಬರೆದಿಟ್ಟುಕೊಂಡಿಲ್ಲ ತಾನೇ? ಹೊಸಬರು ಮಾಡುತ್ತಾರೆ. ಆಮೇಲೆ ಸಮ್ ಕೆಲಸ ಮಾಡುವುದಿಲ್ಲ ಅಂತ ಅಳುತ್ತಾರೆ. ನಾನೂ ಅತ್ತಿದ್ದೇನೆ.

---

ಅಮ್ಮತ್ತಿ_ಹುಡುಗ

ಅಬ್ಬಾ, ಅಡಿಗೆ ಲೀಟರ್ ಕೂಡಿಸಿದ್ದು ಕೇಳಿ ನಗು ಬಂತು. ಸಮ್ ಹಾಕಿದೆ, ಓಡಿತು. ಆದರೆ ಈಗ ಹೊಸ ಸಮಸ್ಯೆ. ಅಪ್ಪನ ನೋಟ್‌ಬುಕ್ ಪೂರ್ತಿ ಶೀಟಿಗೆ ಹಾಕಿ ಅಲ್ಲಿಂದ ಓದುತ್ತಿದ್ದೇನೆ. ಐದು ಷರತ್ತಿಗೆ ಎಣಿಕೆ 63 ಬರುತ್ತಿದೆ! ಇನ್ನು ಕೆಲವು ದಿನ ಓಡುವುದೇ ಇಲ್ಲ, ಟೈಪ್ ಎರರ್ ಅನ್ನುತ್ತದೆ.

ಇನ್ನೊಂದು ವಿಚಿತ್ರ ಇದೆ. ಒಂದು ಷರತ್ತಿಗೆ "ಪಂಪ್‌ಸೆಟ್_ಸಿದ್ಧ" ಅಂತ ಹೆಸರಿಟ್ಟೆ. ಅದಕ್ಕೆ ಮಾತ್ರ "ಇನ್‌ವ್ಯಾಲಿಡ್ ನಾನ್ ಪ್ರಿಂಟಬಲ್ ಕ್ಯಾರೆಕ್ಟರ್ ಯು+200ಸಿ" ಅಂತ ಬೈಯುತ್ತದೆ. ಉಳಿದ ಕನ್ನಡ ಹೆಸರಿಗೆ ಏನೂ ಇಲ್ಲ. ಕಣ್ಣಿಗೆ ಕಾಣದ ಅಕ್ಷರ ಎಲ್ಲಿಂದ ಬಂತು?

---

ಲೈನ್‌ಮನೆ_ಲಿನಕ್ಸ್

ಎರಡನೆಯದು ನನಗೆ ಇಷ್ಟವಾದ ವಿಷಯ, ಮೊದಲು ಅದನ್ನೇ ಹೇಳಿಬಿಡುತ್ತೇನೆ. "ಪಂಪ್" ಆದ ಮೇಲೆ "ಸೆಟ್" ಬರೆಯುವಾಗ ಸುಮ್ನೆ ಟೈಪ್ ಮಾಡಿದರೆ ಪಕಾರಕ್ಕೆ ಸಕಾರ ಒತ್ತಾಗಿ ಬೀಳುತ್ತದೆ, "ಪಂಪ್ಸೆಟ್" ಆಗುತ್ತದೆ. ಹಾಗಾಗಬಾರದು ಅಂತ ಕನ್ನಡ ಕೀಬೋರ್ಡುಗಳು ನಡುವೆ ಒಂದು ಅಗಲವೇ ಇಲ್ಲದ ಅಕ್ಷರ ಇಡುತ್ತವೆ. ಯು+200ಸಿ ಅಂದರೆ ಅದೇ. ಓದುವವರಿಗೆ ಕಾಣುವುದಿಲ್ಲ, ಪೈಥಾನಿಗೆ ಕಾಣುತ್ತದೆ. ಹೆಸರುಗಳಲ್ಲಿ ಅಕ್ಷರ, ಕಾಗುಣಿತದ ಗುರುತು, ಅಂಕಿ, ಅಡಿಗೆರೆ ಇಷ್ಟನ್ನು ಅದು ಒಪ್ಪುತ್ತದೆ, ಇದನ್ನು ಒಪ್ಪುವುದಿಲ್ಲ. ಪಂಪ್_ಸೆಟ್_ಸಿದ್ಧ ಅಂತ ಅಡಿಗೆರೆ ಹಾಕಿಬಿಡು, ಮುಗಿಯಿತು.

ಅಂಕಿಯದ್ದೂ ಒಂದು ತಮಾಷೆ ಇದೆ. ಅಪ್ಪ ಕನ್ನಡ ಅಂಕಿಯಲ್ಲಿ ಬರೆದಿದ್ದರೆ, ಇಂಟ್("೩") ಅಂದರೆ ಪೈಥಾನ್ ಸರಿಯಾಗಿ 3 ಕೊಡುತ್ತದೆ. ಆದರೆ ಕೋಡಿನಲ್ಲೇ ಕೆರೆ > ೬ ಅಂತ ಬರೆದರೆ ಒಪ್ಪುವುದಿಲ್ಲ. ಓದಿದ ಡೇಟಾದಲ್ಲಿ ಇರಬಹುದು, ಕೋಡಿನಲ್ಲಿ ಇರಬಾರದು.

ಈಗ 63. ಪಟ್ಟಿಯಲ್ಲಿ ಎಲ್ಲೋ ಹೋಲಿಕೆ ಬಿಟ್ಟು ಡೀಸೆಲ್ ಅನ್ನೇ ಇಟ್ಟಿದ್ದೀಯ, ಬೆಟ್ ಕಟ್ಟುತ್ತೇನೆ. "ಡೀಸೆಲ್ ಇದ್ದರೆ ಸರಿ" ಅಂತ ಇಫ್ ಒಳಗೆ ಬರೆಯುವ ಅಭ್ಯಾಸ ಇದ್ದರೆ ಹಾಗಾಗುತ್ತದೆ. ಇಫ್ ಡೀಸೆಲ್: ಅಂತ ಬರೆದರೆ ಸೊನ್ನೆ ಅಲ್ಲದ್ದು ಎಲ್ಲವೂ ಹೌದು. ಆದರೆ ಸಮ್ ಹೌದು-ಇಲ್ಲ ಎಣಿಸುವುದಿಲ್ಲ, ಕೊಟ್ಟದ್ದನ್ನು ಕೂಡಿಸುತ್ತದೆ ಅಷ್ಟೇ. 60 ಲೀಟರ್ ಡೀಸೆಲ್, ಜೊತೆಗೆ ಮೂರು ಟ್ರೂ, ಒಟ್ಟು 63.

ಅದೇ ತರ ಆ್ಯಂಡ್, ಆರ್ ಕೂಡ ಯಾವಾಗಲೂ ಟ್ರೂ, ಫಾಲ್ಸ್ ಕೊಡುವುದಿಲ್ಲ. ಅವು ಕೊನೆಗೆ ನೋಡಿದ ವಸ್ತುವನ್ನೇ ಎತ್ತಿ ಕೊಡುತ್ತವೆ. ಟಿಪ್ಪಣಿ ಆ್ಯಂಡ್ ಡೀಸೆಲ್ ಅಂದರೆ ಟಿಪ್ಪಣಿ ಖಾಲಿ ಇದ್ದಾಗ ಖಾಲಿ ಸ್ಟ್ರಿಂಗ್ (ಒಂದೂ ಅಕ್ಷರ ಇಲ್ಲದ ಬರಹ) ಬರುತ್ತದೆ, ಅದನ್ನು ಸಮ್ ಕೂಡಿಸಲಾರದೆ ಟೈಪ್ ಎರರ್ ಅನ್ನುತ್ತದೆ. ನನ್ (ಏನೂ ಇಲ್ಲ ಅನ್ನುವ ಪೈಥಾನ್ ಗುರುತು) ಬಂದರೂ ಅದೇ ಗತಿ. ಹಾಗಾಗಿ:

ಎಣಿಕೆ = ಸಮ್(1 ಫಾರ್ ಷ ಇನ್ ಷರತ್ತುಗಳು ಇಫ್ ಷ)

ಇದು ಏನೇ ಬಂದರೂ ಹೌದಾದರೆ ಒಂದು ಅಂತ ಎಣಿಸುತ್ತದೆ. ಸಮ್(ಮ್ಯಾಪ್(ಬೂಲ್, ಷರತ್ತುಗಳು)) ಅಂದರೂ ಅದೇ.

ಆದರೆ ಇದಕ್ಕೂ ಒಂದು ಹೊಂಡ ಇದೆ. ಶೀಟಲ್ಲಿ ಮೊಗ್ಗಿನ ಕಾಲಂನಲ್ಲಿ ಏನು ಬರೆದಿದ್ದೀಯ? "ಹೌದು", "ಇಲ್ಲ" ಅಂತಲೇ? ಬೂಲ್("ಇಲ್ಲ") ಎಷ್ಟು ಅಂತ ಒಂದು ಸಲ ಪ್ರಿಂಟ್ ಮಾಡಿ ನೋಡು.

---

ಅಮ್ಮತ್ತಿ_ಹುಡುಗ

ಟ್ರೂ! "ಇಲ್ಲ" ಅಂದರೂ ಟ್ರೂ ಅನ್ನುತ್ತದೆ!

ಡೀಸೆಲ್ ವಿಷಯದಲ್ಲಿ ಬೆಟ್ ನೀವೇ ಗೆದ್ದಿರಿ. ಹಾಗೇ ಇಟ್ಟಿದ್ದೆ.

---

ಲೈನ್‌ಮನೆ_ಲಿನಕ್ಸ್

ಖಾಲಿ ಅಲ್ಲದ ಯಾವ ಸ್ಟ್ರಿಂಗ್ ಆದರೂ ಅದಕ್ಕೆ ಹೌದೇ. "ಇಲ್ಲ", "ಬೇಡ", "ಫಾಲ್ಸ್" ಅಂತ ಬರೆದರೂ ಹೌದೇ. ಅದು ಕನ್ನಡ ಓದುವುದಿಲ್ಲ, ಉದ್ದ ಸೊನ್ನೆಯೋ ಅಲ್ಲವೋ ಅಂತ ಮಾತ್ರ ನೋಡುತ್ತದೆ. ಮೊಗ್ಗು.ಸ್ಟ್ರಿಪ್() == "ಹೌದು" ಅಂತ ಹೋಲಿಸು. ಸ್ಟ್ರಿಪ್ ಮರೆಯಬೇಡ, ಫೋನಲ್ಲಿ ಟೈಪ್ ಮಾಡಿದ "ಹೌದು" ಆದ ಮೇಲೆ ಒಂದು ಖಾಲಿ ಜಾಗ ತಾನಾಗಿ ಬಂದು ಕೂತಿರುತ್ತದೆ, ಆಗ ಹೌದು ಕೂಡ ಇಲ್ಲ ಆಗುತ್ತದೆ.

---

ಒಳ್ಳೆಮೆಣಸು

ನಾನು ಸುಂಟಿಕೊಪ್ಪ ಕಡೆಯವನು. ಕೋಡ್ ನನಗೆ ಅಷ್ಟಕ್ಕಷ್ಟೇ, ಮಗಳು ಬರೆಯುತ್ತಾಳೆ, ನಾನು ಪಕ್ಕದಲ್ಲಿ ಕೂತು ತಪ್ಪು ಹುಡುಕುತ್ತೇನೆ. ನನಗೆ ನಿಮ್ಮ ಲೆಕ್ಕದಲ್ಲಿ ಎರಡು ಕಡೆ ಅನುಮಾನ ಬಂತು.

ಒಂದು, ಕೋಡಲ್ಲಿ ಮಳೆಗೆ ಬರೀ 25 ಅಂತ ಬರೆದಿದ್ದೀರಲ್ಲ, 25 ಏನು? ನಾವು ಇಲ್ಲಿ ಇಂಚು, ಸೆಂಟಿನಲ್ಲಿ ಹೇಳುತ್ತೇವೆ. ಇಂಚಿಗೆ ನೂರು ಸೆಂಟು. ನಿಮ್ಮ ಅಪ್ಪನ ನೋಟ್‌ಬುಕ್ ಕೂಡ ಸೆಂಟಿನಲ್ಲೇ ಇರುತ್ತದೆ. ಆದರೆ ನೆಟ್ಟಿನಿಂದ ಮಳೆ ಅಂಕಿ ತಂದರೆ ಅದು ಮಿಲಿಮೀಟರ್. ಇಂಚಿಗೆ 25.4 ಮಿಲಿಮೀಟರ್. 25 ಸೆಂಟು ಅಂದರೆ ಆರು ಮಿಲಿಮೀಟರ್ ಚಿಲ್ಲರೆ. ನೆಟ್ಟಿನಿಂದ 20 ಅಂತ ಬಂದರೆ ಮಳೆ < 25 ಸರಿ ಅನ್ನುತ್ತದೆ ನಿಮ್ಮ ಪ್ರೋಗ್ರಾಂ, ಆದರೆ ಅಷ್ಟೊತ್ತಿಗೆ ಮುಕ್ಕಾಲು ಇಂಚಿನ ಮೇಲೆ ಮಳೆ ಬಿದ್ದಾಗಿದೆ. ತೋಟದಲ್ಲಿ ಬೂಟು ಹೂತುಹೋಗುತ್ತಿರುತ್ತದೆ, ನೀವು ಪಂಪ್ ಹಾಕುತ್ತಿರುತ್ತೀರಿ. ಹೆಸರನ್ನೇ ಮಳೆ_ಸೆಂಟು ಅಂತ ಇಡಿ. ನನ್ನ ಮಗಳು ಹಾಗೇ ಇಡುವುದು.

ಎರಡನೆಯದು ಜಾಸ್ತಿ ಮುಖ್ಯ. ಐದರಲ್ಲಿ ಮೂರು ಅಂದರೆ ಯಾವ ಮೂರಾದರೂ ಆಯಿತಾ? ಮಳೆ ಇಲ್ಲ, ಮೋಡ ಇಲ್ಲ, ಡೀಸೆಲ್ ಇದೆ. ಮೂರಾಯಿತು. ಕೆರೆ ಖಾಲಿ. ಏನು ಹೊಡೆಯುತ್ತೀರಿ, ಗಾಳಿಯಾ? ಹೂ ಬಿಡಿಸಲು ಇಂಚು, ಒಂದೂವರೆ ಇಂಚಿನಷ್ಟು ನೀರು ಕೊಡಬೇಕು. ಅರ್ಧ ತೋಟಕ್ಕೆ ಹೊಡೆದು ಕೆರೆ ಬತ್ತಿದರೆ ಉಳಿದರ್ಧದ ಗತಿ? ಸಾಲದಷ್ಟು ನೀರು ಬಿದ್ದ ಕಡೆ ಮೊಗ್ಗು ಪೂರ್ತಿ ಅರಳುವುದೂ ಇಲ್ಲ, ಸುಮ್ಮನಿರುವುದೂ ಇಲ್ಲ. ಹೂ ಬಿಟ್ಟ ಮೇಲೂ ಇಪ್ಪತ್ತು ದಿನಕ್ಕೆ ಇನ್ನೊಂದು ಸಲ ಹಿಂಬಾಲಿಸಿ ನೀರು ಕೊಡಬೇಕು, ಅದಕ್ಕೂ ಕೆರೆಯಲ್ಲಿ ಇರಬೇಕಲ್ಲ.

ಮೊಗ್ಗು ಬಲಿಯದೆ ನೀರು ಹೊಡೆದರೂ ಅಷ್ಟೇ. ಅಪ್ಪನನ್ನು ಇನ್ನೊಮ್ಮೆ ಕೇಳಿ.

---

ಕಣದ_ಕಾವಲು

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ, ನಾನು ಅಷ್ಟು ಯೋಚಿಸದೆ ಸಮ್ ಕೊಟ್ಟೆ. ಎಣಿಸುವಾಗ ಎಲ್ಲ ಷರತ್ತಿಗೂ ಒಂದೇ ತೂಕ ಬಂದುಬಿಡುತ್ತದೆ. ಇರಲೇಬೇಕಾದ್ದನ್ನು ಹೊರಗೆ ತೆಗೆಯಬೇಕು:

ಇಫ್ ಕೆರೆ_ಸರಿ ಆ್ಯಂಡ್ ಮೊಗ್ಗು_ಸರಿ ಆ್ಯಂಡ್ ಸಮ್(ಉಳಿದವು) >= 1:

ಇಲ್ಲಿ ಒಂದು ವಿಷಯ ಗಮನಿಸು. ಎರಡು ಕಡ್ಡಾಯ ಆದ ಮೇಲೆ ಐದರಲ್ಲಿ ಮೂರು ಅಂದರೆ ಉಳಿದ ಮೂರರಲ್ಲಿ ಒಂದೇ ಸಾಕು. ಆಗ ಸಮ್ ಕೂಡ ಬೇಡ, ಒಂದಾದರೂ ಸರಿ ಇದೆಯಾ ಅಂತ ನೋಡುವ ಎನಿ(ಉಳಿದವು) ಅಂದರೆ ಸಾಕು. ಅಪ್ಪನ ಮನಸ್ಸಲ್ಲಿ ಅದೇ ಇತ್ತಾ ಅಂತ ಕೇಳು.

ಮತ್ತೆ ಪಟ್ಟಿ ಬದಲು ಡಿಕ್ಷನರಿ ಇಟ್ಟುಕೋ. ಎಷ್ಟು ಅನ್ನುವುದಕ್ಕಿಂತ ಯಾವುದು ಅನ್ನುವುದು ಬೇಕಾಗುತ್ತದೆ. "2" ಅಂತ ತೋರಿಸಿದರೆ ಅಪ್ಪ ಮೊದಲು ಕೇಳುವುದೇ "ಯಾವ ಎರಡು?" ಅಂತ.

ನೋಡು = {"ಮಳೆ": ಮಳೆ_ಸೆಂಟು < 25, "ಮೋಡ": ಮೋಡ_ಇಲ್ಲ, "ಡೀಸೆಲ್": ಡೀಸೆಲ್ > 40}
ಎಣಿಕೆ = ಸಮ್(ನೋಡು.ವ್ಯಾಲ್ಯೂಸ್())
ಕೊರತೆ = [ಹೆಸರು ಫಾರ್ ಹೆಸರು, ಸರಿ ಇನ್ ನೋಡು.ಐಟಮ್ಸ್() ಇಫ್ ನಾಟ್ ಸರಿ]

---

ಜೀರುಂಡೆ_64

ಒಂದು ವಿಷಯ ಯಾರೂ ಹೇಳಲಿಲ್ಲ. ಪಟ್ಟಿ ಮಾಡಿದ ಕ್ಷಣದಲ್ಲೇ ಒಳಗಿನ ಐದೂ ಷರತ್ತು ಲೆಕ್ಕವಾಗಿಬಿಡುತ್ತವೆ. ಆ್ಯಂಡ್, ಆರ್ ಆದರೆ ಉತ್ತರ ಗೊತ್ತಾದ ತಕ್ಷಣ ನಿಲ್ಲುತ್ತವೆ, ಸಮ್ ನಿಲ್ಲುವುದಿಲ್ಲ. ಮೋಡದ್ದನ್ನು ನೆಟ್ಟಿನಿಂದ ತರುವುದಾದರೆ ಮೊದಲ ಮೂರರಲ್ಲೇ ತೀರ್ಮಾನ ಆಗಿದ್ದರೂ ಅದು ನೆಟ್ಟಿಗೆ ಹೋಗಿ ಕಾಯುತ್ತಾ ಕೂರುತ್ತದೆ, ಅದೂ ನಮ್ಮ ಕಡೆಯ ನೆಟ್ಟಲ್ಲಿ! ಗೇಟಿನ ಹತ್ತಿರದ ಹಲಸಿನ ಮರದ ಕೆಳಗೆ ನಿಂತರೆ ಎರಡು ಕಡ್ಡಿ ಬರುತ್ತದೆ, ಮನೆಯೊಳಗೆ ಬಂದರೆ ಇಲ್ಲ. ಅದಕ್ಕೆ ಷರತ್ತುಗಳನ್ನು ಫಂಕ್ಷನ್ ಮಾಡಿಟ್ಟು ಹೀಗೆ ಬರೆಯಿರಿ:

ಸಾಲು = (ಫ() ಫಾರ್ ಫ ಇನ್ ಪರೀಕ್ಷೆಗಳು)
ಸಾಕು = ಆಲ್(ಎನಿ(ಸಾಲು) ಫಾರ್ _ ಇನ್ ರೇಂಜ್(3))

ಸಾಲು ಅನ್ನುವುದು ಜನರೇಟರ್. ಒಂದೊಂದು ಎನಿ ಒಂದು ಟ್ರೂ ಸಿಗುವ ತನಕ ಅದನ್ನು ತಿನ್ನುತ್ತದೆ, ಮುಂದಿನ ಎನಿ ಅಲ್ಲಿಂದ ಮುಂದೆ ಹುಡುಕುತ್ತದೆ. ಮೂರು ಸಲ ಸಿಕ್ಕರೆ ಮೂರು ಸರಿ ಇವೆ ಅಂತ ಅರ್ಥ, ಅಲ್ಲಿಗೇ ನಿಲ್ಲುತ್ತದೆ. "ಸರಿಯಾಗಿ ಒಂದೇ ಒಂದು" ಬೇಕಾದರೆ ಎನಿ(ಸಾಲು) ಆ್ಯಂಡ್ ನಾಟ್ ಎನಿ(ಸಾಲು). ನೋಡಲು ಹುಚ್ಚುತನ, ಆದರೆ ಸರಿ.

ಅದಕ್ಕೆ ಅ ^ ಬ ^ ಕ ಅಂತ ಬರೆಯುವವರನ್ನು ನೋಡಿದ್ದೇನೆ. ಮೂರೂ ಸರಿ ಇದ್ದರೂ ಅದು ಟ್ರೂ ಅನ್ನುತ್ತದೆ. ಅದು ಬೆಸವಾ ಸಮವಾ ಅಂತ ನೋಡುವುದು, ಒಂದೇ ಅಂತ ನೋಡುವುದಲ್ಲ.

---

ಲೈನ್‌ಮನೆ_ಲಿನಕ್ಸ್

ಜೀರುಂಡೆ, ಆಲ್ ಒಳಗೆ ಎನಿ ಒಳಗೆ ಜನರೇಟರ್ ಬರೆದು ಮುಂದಿನ ಫೆಬ್ರವರಿಗೆ ತೆರೆದರೆ ನಿಮಗೇ ಅರ್ಥ ಆಗುವುದಿಲ್ಲ, ಇನ್ನು ಈ ಹುಡುಗನ ಅಪ್ಪನಿಗೆ ಯಾರು ವಿವರಿಸುವುದು? ಒಂದು ಫಾರ್, ಒಂದು ಎಣಿಕೆ, ಮೂರಾದಾಗ ಬ್ರೇಕ್. ನಾಲ್ಕು ಸಾಲು ಜಾಸ್ತಿ ಆದರೆ ಆಗಲಿ. ಐದು ಷರತ್ತಿಗೆ ಮೋಡದ್ದನ್ನು ಬೆಳಿಗ್ಗೆ ಒಂದೇ ಸಲ ತಂದು ಫೈಲಿನಲ್ಲಿ ಇಟ್ಟುಕೊಂಡರೆ ಈ ಸರ್ಕಸ್ ಯಾವುದೂ ಬೇಡ.

---

ಜೀರುಂಡೆ_64

ಸರ್ಕಸ್ ಅಂದರೆ ಸರ್ಕಸ್ಸೇ. ನನಗೆ ಖುಷಿ ಕೊಡುತ್ತದೆ, ಬರೆದೆ :)

---

ಅಮ್ಮತ್ತಿ_ಹುಡುಗ

ಅಪ್ಪನನ್ನು ಕೇಳಿದೆ. "ಕೆರೆ, ಮೊಗ್ಗು ಎರಡೂ ಇರಲೇಬೇಕು, ಅದನ್ನೂ ಬಾಯಿ ಬಿಟ್ಟು ಹೇಳಬೇಕಾ?" ಅಂದರು. ಉಳಿದದ್ದರಲ್ಲಿ ಒಂದೇ ಸಾಕಾ ಅಂದೆ. "ಮಳೆ ಬಂದು ಹೋದ ಮಾರನೇ ದಿನ, ಡೀಸೆಲ್ ಇದೆ ಅಂತ ಪಂಪ್ ಹಾಕುತ್ತಾರೇನೋ? ಎರಡಾದರೂ ಬೇಕು." ಅಲ್ಲಿಗೆ ಐದರಲ್ಲಿ ಮೂರು ಅಂದದ್ದು ಐದರಲ್ಲಿ ನಾಲ್ಕಾಯಿತು, ಅದೂ ಎರಡು ಕಡ್ಡಾಯ. ನಾನು ಬಿಟ್ಟಿದ್ದ ಆ ಹತ್ತನೇ ಜೋಡಣೆ ಇದೆಯಲ್ಲ, ಮಳೆ-ಕೆರೆ-ಡೀಸೆಲ್, ಮೊಗ್ಗು ಇಲ್ಲದ್ದು? ಅವತ್ತು ಪ್ರೋಗ್ರಾಂ "ಬೇಡ" ಅಂದದ್ದೇ ಸರಿ ಉತ್ತರವಂತೆ. ತಪ್ಪು ಕೋಡ್ ಸರಿ ಉತ್ತರ ಕೊಟ್ಟಿತ್ತು.

ಈಗ ಕೊನೆಯ ಪ್ರಶ್ನೆ. ಶೀಟಲ್ಲಿ ಕೆಲವು ದಿನ ಕೆರೆ ಕಾಲಂ ಖಾಲಿ ಇದೆ. ಕಾರಣ ನಗಬೇಡಿ. ಕೆರೆಯಲ್ಲಿ ಅಡಿ ಗುರುತು ಹಾಕಿದ ಒಂದು ಕೋಲು ನೆಟ್ಟಿದ್ದೆವು. ಸೋಮವಾರ ರಾತ್ರಿ ನೀರು ಕುಡಿಯಲು ಆನೆ ಬಂದು, ಕೋಲು ಮುರಿದು ದಡಕ್ಕೆ ಎಸೆದು ಹೋಗಿದೆ. ಅವತ್ತಿನಿಂದ ಅಳತೆ ಇಲ್ಲ. ಖಾಲಿ ಇದ್ದರೆ ಫಾಲ್ಸ್ ಅಂತ ಇಟ್ಟುಕೊಳ್ಳಲಾ?

---

ಕಣದ_ಕಾವಲು

ಇಟ್ಟುಕೊಳ್ಳಬೇಡ. ಕೆರೆಯಲ್ಲಿ ನೀರಿಲ್ಲ ಅನ್ನುವುದು ಬೇರೆ, ಎಷ್ಟಿದೆ ಗೊತ್ತಿಲ್ಲ ಅನ್ನುವುದು ಬೇರೆ. ಫಾಲ್ಸ್ ಹಾಕಿದರೆ ಎರಡೂ ಒಂದೇ ಆಗಿಬಿಡುತ್ತವೆ.

ಗೊತ್ತಿಲ್ಲದ್ದಕ್ಕೆ ನನ್ ಇಡು. ಆಮೇಲೆ ಎರಡು ಎಣಿಕೆ ತೆಗೆ:

ಹೌದು = ಪಟ್ಟಿ.ಕೌಂಟ್(ಟ್ರೂ)
ಗೊತ್ತಿಲ್ಲ = ಪಟ್ಟಿ.ಕೌಂಟ್(ನನ್)

ಈಗ ಹೌದು ಅನ್ನುವುದು ಕಡಿಮೆ ಅಂದರೆ ಎಷ್ಟು ಸರಿ ಇವೆ ಅನ್ನುವ ಅಂಕಿ. ಹೌದು + ಗೊತ್ತಿಲ್ಲ ಅನ್ನುವುದು ಜಾಸ್ತಿ ಅಂದರೆ ಎಷ್ಟು. ಎರಡು ಬೇಕು ಅಂತಿದ್ದರೆ, ಹೌದು ಒಂದೇ ಎರಡು ಮುಟ್ಟಿದರೆ ಖಾಲಿ ಜಾಗದಲ್ಲಿ ಏನಿದ್ದರೂ ಚಿಂತೆ ಇಲ್ಲ. ಎರಡನ್ನೂ ಕೂಡಿಸಿದರೂ ಎರಡು ಮುಟ್ಟದಿದ್ದರೆ ಅಳತೆ ಮಾಡಲು ಹೋಗುವುದೂ ದಂಡ. ನಡುವೆ ಬಿದ್ದರೆ ಮಾತ್ರ ಯಾರಾದರೂ ಎದ್ದು ಹೋಗಿ ನೋಡಬೇಕು.

ಕೌಂಟ್(ಟ್ರೂ) ಹಾಕುವಾಗ ಪಟ್ಟಿಯಲ್ಲಿ ನಿಜವಾದ ಟ್ರೂ, ಫಾಲ್ಸ್, ನನ್ ಮಾತ್ರ ಇರಲಿ. ಟ್ರೂ ಮತ್ತು 1 ಸಮ ಅಂತಲೇ ಅದು ಭಾವಿಸುವುದು, ಹಾಗಾಗಿ 1 ಲೀಟರ್ ಡೀಸೆಲ್ ಇದ್ದರೆ ಅದನ್ನೂ ಎಣಿಸಿಬಿಡುತ್ತದೆ, 60 ಲೀಟರ್ ಇದ್ದರೆ ಬಿಟ್ಟುಬಿಡುತ್ತದೆ.

ಪಾಂಡಾಸ್‌ನಿಂದ (ಶೀಟ್ ಓದುವ ಪೈಥಾನ್ ಲೈಬ್ರರಿ) ಓದುತ್ತಿದ್ದರೆ ಇನ್ನೊಂದು ಎಚ್ಚರ. ಖಾಲಿ ಜಾಗ ಅಲ್ಲಿ ನನ್ ಆಗುವುದಿಲ್ಲ, ನ್ಯಾನ್ (ಅಂಕಿ ಅಲ್ಲ ಅನ್ನುವ ಗುರುತು) ಆಗುತ್ತದೆ. ನ್ಯಾನ್ ಜೊತೆ ದೊಡ್ಡದು-ಚಿಕ್ಕದು ಅಂತ ಏನು ಹೋಲಿಸಿದರೂ ಫಾಲ್ಸ್. ಹಾಗಾಗಿ ಮಳೆ_ಸೆಂಟು < 25 ಅಂತ ಬರೆದರೆ ಖಾಲಿ ದಿನ ಫಾಲ್ಸ್, ನಾಟ್ (ಮಳೆ_ಸೆಂಟು >= 25) ಅಂತ ಬರೆದರೆ ಅದೇ ಖಾಲಿ ದಿನ ಟ್ರೂ. ಓದಲು ಎರಡೂ ಒಂದೇ ಮಾತು. ನಾನು ಇದರಲ್ಲಿ ಒಂದು ಇಡೀ ಭಾನುವಾರ ಕಳೆದಿದ್ದೇನೆ. ಮೊದಲು ಈಸ್‌ನಾ ಹಾಕಿ ಖಾಲಿಯಾ ಅಂತ ನೋಡಿ, ಆಮೇಲೆ ಹೋಲಿಸು.

---

ಒಳ್ಳೆಮೆಣಸು

ಕೋಲಿನ ಬದಲು ಕೆರೆ ಮೆಟ್ಟಿಲಿಗೇ ಪೇಂಟಲ್ಲಿ ಗುರುತು ಹಾಕಿ. ನಮ್ಮಲ್ಲಿ ಹಾಗೇ ಇರುವುದು. ಆನೆ ಬಂದರೂ ಮೆಟ್ಟಿಲು ಕೀಳುವುದಿಲ್ಲ, ಪಾಚಿ ಕಟ್ಟಿದರೆ ಮಾತ್ರ ಉಜ್ಜಬೇಕು.

---

ಅಮ್ಮತ್ತಿ_ಹುಡುಗ

ಎಲ್ಲ ಸೇರಿಸಿ ಈಗ ಹೀಗಿದೆ:

ಕಡ್ಡಾಯ = [ಕೆರೆ_ಸರಿ, ಮೊಗ್ಗು_ಸರಿ]
ಉಳಿದವು = [ಮಳೆ_ಕಡಿಮೆ, ಮೋಡ_ಇಲ್ಲ, ಡೀಸೆಲ್_ಸರಿ]
ಹೌದು = ಉಳಿದವು.ಕೌಂಟ್(ಟ್ರೂ)
ಗೊತ್ತಿಲ್ಲ = ಉಳಿದವು.ಕೌಂಟ್(ನನ್)

ಇಫ್ ಫಾಲ್ಸ್ ಇನ್ ಕಡ್ಡಾಯ ಆರ್ ಹೌದು + ಗೊತ್ತಿಲ್ಲ < 2:
    ಪ್ರಿಂಟ್("ಬೇಡ")
ಎಲಿಫ್ ನನ್ ಇನ್ ಕಡ್ಡಾಯ ಆರ್ ಹೌದು < 2:
    ಪ್ರಿಂಟ್("ಹೋಗಿ ನೋಡಿ ಬಾ")
ಎಲ್ಸ್:
    ಪ್ರಿಂಟ್("ಪಂಪ್ ಹಾಕು")

ಇವತ್ತು ಬೆಳಿಗ್ಗೆ ಓಡಿಸಿದೆ. ಮೊಗ್ಗು ಸರಿ, ಮಳೆ ಇಲ್ಲ, ಡೀಸೆಲ್ ಇದೆ, ಕೆರೆ ನನ್. "ಹೋಗಿ ನೋಡಿ ಬಾ" ಅಂತ ಬಂತು. ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದರು. "ಇದನ್ನು ಹೇಳಲು ಒಂದು ವಾರ ಬೇಕಾಯಿತಾ ನಿನಗೆ" ಅಂದರು. ಆಮೇಲೆ ಟಾರ್ಚು, ಟೇಪು ಎರಡೂ ನನ್ನ ಕೈಗೇ ಕೊಟ್ಟರು.

ಏಳೂ ಕಾಲು ಅಡಿ ಇದೆ. ಮಧ್ಯಾಹ್ನ ಪೈಪ್ ಎಳೆಯುತ್ತೇವೆ.

---

ಜೀರುಂಡೆ_64

ಬೆಳಿಗ್ಗೆ ಟಾರ್ಚು ಯಾಕೆ?

---

ಅಮ್ಮತ್ತಿ_ಹುಡುಗ

ಐದೂವರೆಗೆ ಕಳಿಸಿದ್ದು. ಆನೆ ಇನ್ನೂ ಅಲ್ಲೇ ಇದೆಯಾ ಅನ್ನುವ ಷರತ್ತು ನಾನು ಕೋಡಲ್ಲಿ ಹಾಕಿರಲಿಲ್ಲ.